ಹಿಂದೆ ಕೂತವರು

ನನ್ನ ಗಂಡ ತೀರಿಕೊಂಡ ಮೂರನೆಯ ದಿನ ಮಧ್ಯಾಹ್ನ ಅವರ ಭಾರ ಮನೆಗೆ ಬಂತು. ನಾನು ಅಡುಗೆಮನೆಯ ಹೊಸಿಲಿನ ಮೇಲೆ ಕೂತಿದ್ದೆ. ಪಡಸಾಲೆಯಲ್ಲಿದ್ದ ನವಾರಿನ ಮಂಚ ಕಿರ್ರೆಂದಿತು. ತಿರುಗಿ ನೋಡಿದರೆ ಅವರು ಯಾವಾಗಲೂ ಕೂರುತ್ತಿದ್ದ ಗೋಡೆ ಕಡೆಯ ಮೂಲೆಯಲ್ಲಿ ನವಾರು ತಗ್ಗಾಗಿತ್ತು. ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಪಕ್ಕದ ಮನೆಯ ಚನ್ನಾಜಮ್ಮ ಬಾಗಿಲಲ್ಲಿ ಇಣುಕಿ, "ಬಂದ್ರಾ?" ಎಂದಳು. "ಬಂದ್ರು" ಎಂದೆ. "ಸದ್ಯ" ಎಂದವಳು ಮಂಚದ ಕಡೆ ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಟುಹೋದಳು.

ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಹೀಗೆಯೇ. ಹೋದವರು ಕಣ್ಣಿಗೆ ಕಾಣುವುದಿಲ್ಲ, ಮಾತಾಡುವುದಿಲ್ಲ, ಊಟಕ್ಕೂ ಬರುವುದಿಲ್ಲ. ಕೂತ ಜಾಗ ತಗ್ಗುತ್ತದೆ, ಅಷ್ಟೇ. ಸಾವಾದ ಮನೆಗೆ ಬಡಗಿಯನ್ನು ಕರೆಸಿ ಕುರ್ಚಿಯ ಕಾಲು ಬಿಗಿ ಮಾಡಿಸುತ್ತಾರೆ, ಜೋಕಾಲಿಗೆ ದಪ್ಪ ಸರಪಳಿ ಹಾಕಿಸುತ್ತಾರೆ. ಬಂದ ನೆಂಟರು "ಇಲ್ಲಿ ಯಾರೂ ಇಲ್ಲ ತಾನೇ?" ಎಂದು ಕೇಳಿಯೇ ಕೂರುತ್ತಾರೆ. ಮಳೆಗಾಲ ಮುಗಿದು ರಸ್ತೆ ಒಣಗಿದ ಮೇಲೆ, ಆ ವರ್ಷ ಮನೆಯಲ್ಲಿ ಭಾರ ಇರುವವರೆಲ್ಲ ಅದನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯವರೆಗೆ ಒಟ್ಟಾಗಿ ಹೋಗಿ ಬಿಟ್ಟು ಬರುತ್ತಾರೆ. ದೂರದ ದಾರಿ. ಬಸ್ಸಿಗೆ ಹತ್ತಿಸಿದರೆ ಎಂಜಿನ್ ಶುರುವಾಗುವುದಿಲ್ಲ, ಗಾಡಿಗೆ ಹತ್ತಿಸಿದರೆ ಎತ್ತು ಮಲಗಿಬಿಡುತ್ತದೆ. ಸೈಕಲ್ಲೇ ಆಗಬೇಕು, ತುಳಿಯುವವರೂ ಅವರ ಮನೆಯವರೇ ಆಗಬೇಕು.

ನಮ್ಮ ಮನೆಯಲ್ಲಿ ಇದ್ದವಳು ನಾನೊಬ್ಬಳೇ. ನಮಗೆ ಮಕ್ಕಳಾಗಲಿಲ್ಲ.

ನನ್ನ ಹೆಸರು ನೀಲಾಂಬಿಕೆ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಹೆಣ್ಣುಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಟ್ಟೇ ಇಷ್ಟು ವರ್ಷ ಕಳೆದವಳು. ಕೂತಲ್ಲೇ ಬೆಳೆದೆ ಎನ್ನಬೇಕು. ತಾರಸಿಗೆ ಬಟ್ಟೆ ಹರವಲು ಹೋದರೆ ಮೆಟ್ಟಿಲ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದೆ. ಮಂಡಿಗಳು ಮಳೆಗೂ ನೋಯುತ್ತಿದ್ದವು, ಬಿಸಿಲಿಗೂ ನೋಯುತ್ತಿದ್ದವು. ನಮ್ಮವರು ಗಿರಣಿ ಗುರುಪಾದಪ್ಪ ಎಂದೇ ಊರಿಗೆಲ್ಲ ಗೊತ್ತು. ಎತ್ತರದ ಆಳು. ರೆಪ್ಪೆಯ ಮೇಲೆ ಸದಾ ಜೋಳದ ಹಿಟ್ಟು. ಸಂತೆಗೆ ಹೋಗುವುದು, ಗ್ಯಾಸ್ ಸಿಲಿಂಡರ್ ಎತ್ತಿಡುವುದು ಎಲ್ಲ ಅವರೇ. ಹೆಗಲ ಮೇಲೆ ಮೂಟೆ ಹೊತ್ತುಕೊಂಡೇ ನನ್ನ ಪಾಠದ ಮಕ್ಕಳನ್ನು ದಾಟಿ ಒಳಗೆ ಬಂದು, "ನಿಮ್ಮ ಟೀಚರ್‌ಗೆ ಇವತ್ತಾದ್ರೂ ಎದ್ದು ಓಡಾಡೋಕೆ ಹೇಳ್ರಮ್ಮ" ಎಂದು ರೇಗಿಸುತ್ತಿದ್ದರು.

ಅವರನ್ನು ಕಳಿಸಬೇಕೆಂದು ನನಗೆ ಮೊದಲು ಅನ್ನಿಸಲೇ ಇಲ್ಲ. ಪಾಠ ಮುಗಿದ ಮೇಲೆ ಮಂಚದ ಇನ್ನೊಂದು ತುದಿಯಲ್ಲಿ ಕೂತು ಟೀ ಕುಡಿಯುತ್ತಿದ್ದೆ. ನಾನು ಕೂತರೆ ಆ ಕಡೆ ಸ್ವಲ್ಪ ಮೇಲೇಳುತ್ತಿತ್ತು, ನಾನೆದ್ದರೆ ಮತ್ತೆ ತಗ್ಗುತ್ತಿತ್ತು. ಅದೇ ನಮ್ಮ ಮಾತುಕತೆ. ಇಟ್ಟುಕೊಂಡುಬಿಡುತ್ತೇನೆ ಎಂದು ಚನ್ನಾಜಮ್ಮನಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದು ತನ್ನ ಮನೆಗೆ ಕರೆದುಕೊಂಡು ಹೋದಳು. ಅವಳು ಗಂಡನನ್ನು ಇಟ್ಟುಕೊಂಡವಳು. ಒಳಕೋಣೆಗೆ ಹೊರಗಿನ ಯಾರನ್ನೂ ಬಿಟ್ಟವಳಲ್ಲ. ಅಲ್ಲಿ ಮಂಚದ ನಾಲ್ಕೂ ಕಾಲು ಮೊಣಕಾಲುದ್ದ ನೆಲಕ್ಕೆ ಇಳಿದಿದ್ದವು. ಗೋಡೆ ಬಿರುಕುಬಿಟ್ಟಿತ್ತು.

"ಭಾರ ಬೆಳೀತದೆ ನೀಲಾ," ಎಂದಳು. "ಮೊದಲ ವರ್ಷ ಕಳಿಸಿಬಿಟ್ಟಿದ್ರೆ ಆಗ್ತಿತ್ತು. ಮನಸ್ಸು ಬರಲಿಲ್ಲ. ಈಗ ಯಾವ ಸೈಕಲ್ಲು ಎತ್ತೀತು? ಅವರಿಗೂ ಹೋಗೋಕಾಗಲ್ಲ, ನನಗೂ ಮನೆ ಬಿಟ್ಟು ಎಲ್ಲೂ ಹೋಗೋಕಾಗಲ್ಲ."

ಮರುದಿನವೇ ನಾನು ಖಾಜಾ ಸಾಬರ ಮನೆಗೆ ಹೋದೆ. ಪ್ರತಿ ವರ್ಷ ಅಳಿವೆಯ ಸವಾರಿಯನ್ನು ನಡೆಸಿಕೊಂಡು ಹೋಗುವವರು ಅವರು. ಮೊದಲು ತಂದೆಯನ್ನು, ಆಮೇಲೆ ಹೆಂಡತಿಯನ್ನು ಬಿಟ್ಟು ಬಂದು, ಅಲ್ಲಿಂದಾಚೆ ಖಾಲಿ ಕ್ಯಾರಿಯರಿನಲ್ಲೇ ಗುಂಪಿನ ಹಿಂದೆ ಬರುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸೈಕಲ್ ಬರುತ್ತಾ ಅಮ್ಮ?"

"ಇಲ್ಲ."

"ನಡೆಯೋದು?"

"ಅದೂ ಅಷ್ಟಕ್ಕಷ್ಟೇ."

ಅವರು ನಗಲಿಲ್ಲ. ನಾಳೆ ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಬನ್ನಿ ಎಂದರು.

ಕಚ್ಚೆ ಸೀರೆ ಉಟ್ಟು ಮೈದಾನಕ್ಕೆ ಹೋದವಳು ಎಷ್ಟು ಸಲ ಬಿದ್ದೆನೋ ಲೆಕ್ಕವಿಲ್ಲ. ಬಿದ್ದು ಬಿದ್ದೇ ಕಲಿತೆ. ಬ್ಯಾಲೆನ್ಸ್ ಬಂತು, ದಮ್ಮು ಬರಲಿಲ್ಲ. ಮೈದಾನವನ್ನು ಒಂದು ಸುತ್ತು ಹೊಡೆಯುವಷ್ಟರಲ್ಲಿ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಮಕ್ಕಳಿಗೆ ತಿದಿ ಒತ್ತುವುದು ಹೇಗೆ, ಗಾಳಿ ಮುಗಿಯುವ ಮೊದಲೇ ಮತ್ತೆ ತುಂಬುವುದು ಹೇಗೆ ಎಂದು ದಿನವೂ ಹೇಳುವ ನನ್ನ ಎದೆಯ ತಿದಿಯೇ ತೂತಾಗಿತ್ತು. ಅಷ್ಟರಲ್ಲಿ ಮಳೆ ನಿಂತಿತು. ಇನ್ನಷ್ಟು ದಿನ ಅಭ್ಯಾಸ ಮಾಡುತ್ತೇನೆ ಎಂದರೆ ರಸ್ತೆ ಕಾಯುವುದಿಲ್ಲ. ಅಳಿವೆಯಲ್ಲಿ ನೀರಿಳಿದು ಮರಳು ಏಳುವ ಸಮಯ ಅದೊಂದೇ.

ಯೋಗಾನಂದ ನನಗೆ ಸಿಕ್ಕಿದ್ದು ಆ ಮೈದಾನದಲ್ಲೇ. ಬೇಕರಿಯಲ್ಲಿ ಬ್ರೆಡ್ ಸುಡುವ ಹುಡುಗ. ಹುಡುಗ ಎನ್ನುತ್ತೇನೆ, ಮದುವೆಯಾಗಿ ತಂದೆಯೂ ಆಗಿದ್ದವನು. ಅವನ ಸೈಕಲ್ಲಿನ ಮುಂದೆ ಒಂದು ಬೆತ್ತದ ಬುಟ್ಟಿ, ಬುಟ್ಟಿಯೊಳಗೆ ಹಳೆಯ ಸೀರೆಯ ಮೆತ್ತನೆಯ ಮಡಿಕೆ. ಮಗುವಿಗೆ ಹೆಸರಿಡಲು ಇನ್ನೂ ದಿನ ನೋಡಿರಲಿಲ್ಲವಂತೆ. ಪಾಪು ಎಂದೇ ಕರೆಯುತ್ತಿದ್ದ. ಹೆಂಡತಿ ತೊಟ್ಟಿಲ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ತೊಟ್ಟಿಲ ಬಟ್ಟೆಯಲ್ಲಿ ಅಂಗೈಯಷ್ಟು ತಗ್ಗು, ಅದನ್ನೇ ನೋಡುತ್ತ ಕೂರುತ್ತಿದ್ದಳಂತೆ. ಆ ಬಟ್ಟೆಯನ್ನೇ ತಗ್ಗಿನ ಸಮೇತ ಎತ್ತಿ ತಂದು ಅವನು ಬುಟ್ಟಿಯಲ್ಲಿಡುತ್ತಿದ್ದ. ಅವನು ಗಾಳಿಯ ಹಾಗೆ ತುಳಿಯಬಲ್ಲವನು. ಆದರೆ ಒಂದು ಕೈ ಯಾವಾಗಲೂ ಬುಟ್ಟಿಯ ಅಂಚಿನಲ್ಲೇ ಇರುತ್ತಿದ್ದರಿಂದ ನನ್ನಷ್ಟೇ ನಿಧಾನ.

"ಭಾರವೇ ತಿಳಿಯಲ್ಲ ಅಕ್ಕಾ," ಎಂದ ಒಂದು ದಿನ. "ಇದಾಳೋ ಬಿದ್ದುಹೋದಳೋ ಅಂತ ಹೆದರಿಕೆ ಆಗುತ್ತೆ."

ಹೊರಡುವ ದಿನ ಬೆಳಿಗ್ಗೆ ಸೈಕಲ್ಲನ್ನು ಬಾಗಿಲ ಮುಂದೆ ನಿಲ್ಲಿಸಿ, ಒಳಗೆ ತಿರುಗಿ, "ಬನ್ನಿ, ಕೂತ್ಕೊಳ್ಳಿ" ಎಂದೆ. ಮಂಚ ಹಗುರಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕ್ಯಾರಿಯರ್ ಕಿರುಗುಟ್ಟಿತು, ಹಿಂದಿನ ಟೈರು ನೆಲಕ್ಕೆ ಒತ್ತಿತು. ಎತ್ತರದ ಮನುಷ್ಯ, ಕಾಲು ಎಲ್ಲಿ ಇಟ್ಟುಕೊಂಡರೋ ಎಂದುಕೊಂಡೆ. ಚನ್ನಾಜಮ್ಮ ಮೊಸರನ್ನದ ಗಂಟು ಕೊಟ್ಟಳು. ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಪುರಸಭೆಯ ಮುಂದೆ ಗುಂಪು ಸೇರಿತ್ತು. ಯಾರೂ ಭಾಷಣ ಮಾಡಲಿಲ್ಲ. ಒಬ್ಬರ ಟೈರಿಗೆ ಇನ್ನೊಬ್ಬರು ಗಾಳಿ ಹೊಡೆದುಕೊಟ್ಟರು, ಹೊರಟೆವು. ಊರು ದಾಟಿ ಜಾಲಿಗಿಡಗಳ ಬಯಲಿಗೆ ಇಳಿಯುವವರೆಗೆ ನನಗೂ ಹುಮ್ಮಸ್ಸಿತ್ತು. ಬಿಸಿಲೇರಿದಂತೆ ಗುಂಪು ಮುಂದಕ್ಕೆ ಜಾರಿತು. ಮೊದಲು ಬೆನ್ನುಗಳು ಕಂಡವು, ಆಮೇಲೆ ಧೂಳು ಮಾತ್ರ. ತೊಡೆಗಳು ಉರಿದವು. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆಯಿತು. ಕೂತ ಜಾಗದ ನೋವನ್ನು ಹೇಳಲು ನಾಚಿಕೆ. ಖಾಜಾ ಸಾಬರು ಪಕ್ಕಕ್ಕೆ ಬಂದು, "ಉಸಿರು ಹಿಡ್ಕೊಂಡಿದೀರಿ ನೀಲಮ್ಮ. ಬಿಡಿ" ಎನ್ನುವರು. ಬಿಟ್ಟರೆ ಅಳು ಬರುತ್ತಿತ್ತು, ಅದಕ್ಕೇ ಹಿಡಿದಿದ್ದೆ.

ಸಂಜೆ ತಂಗಿದ್ದು ದಾರಿಯ ಒಂದು ಹಳ್ಳಿಯಲ್ಲಿ. ಅಲ್ಲಿಯವರಿಗೆ ನಮ್ಮ ಸವಾರಿ ಹೊಸದಲ್ಲ. ಭಾರಗಳು ಕೂರಲೆಂದೇ ಸಾಲಾಗಿ ಕಲ್ಲುಬೆಂಚು ಹಾಕಿಸಿದ್ದರು. ಹೆಂಗಸರು ಕೊಬ್ಬರಿ ಎಣ್ಣೆ ಬಿಸಿಮಾಡಿ ತಂದು ನಮ್ಮ ಕಾಲು ತಿಕ್ಕಿದರು. ನನ್ನ ಕಾಲು ಹಿಡಿದವಳು, "ಏನಮ್ಮ, ಇಷ್ಟು ಊದಿದೆ. ಯಾರನ್ನ ಕರ್ಕೊಂಡು ಹೋಗ್ತಿದೀರಿ?" ಎಂದು ಕೇಳಿದಳು. ಯಜಮಾನರನ್ನ ಎಂದೆ. "ಭಾರ ಇದ್ರಾ?" ಎಂದಳು. ನಾನು ಯೋಚಿಸಿ, "ಬದುಕಿದ್ದಾಗ ಗೊತ್ತಾಗಿರಲಿಲ್ಲ" ಎಂದೆ.

ಮರುದಿನ ನಾನು ಬಿದ್ದೆ. ಇಳಿಜಾರಿನಲ್ಲಿ ಬ್ರೇಕು ಒತ್ತಿದ ಕೈ ಮರಗಟ್ಟಿ, ಸೈಕಲ್ಲು ರಸ್ತೆ ಬದಿಯ ಜಲ್ಲಿಗೆ ಎಳೆದು ಮಗುಚಿತು. ಮೊಣಕೈ ಸಿಪ್ಪೆ ಎದ್ದು ರಕ್ತ ಬಂತು. ಎದ್ದವಳೇ ತಿರುಗಿ, "ಪೆಟ್ಟಾಯ್ತೇನ್ರೀ?" ಎಂದು ಕೂಗಿದೆ. ಮುಂದೆ ಹೋಗುತ್ತಿದ್ದ ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು. ಅಲ್ಲಿದ್ದವರೆಲ್ಲ ಒಂದಲ್ಲ ಒಂದು ಸಲ ತಿರುಗಿ ಏನೋ ಕೇಳಿದವರೇ.

ಅಷ್ಟಾದ ಮೇಲೆ ಬಂದದ್ದು ಗುಡ್ಡ. ಅದನ್ನು ಹತ್ತಿ ಇಳಿದರೆ ಸಮುದ್ರದ ಗಾಳಿ. ಗುಂಪಿನವರು ಸೀಟಿನಿಂದ ಎದ್ದು ನಿಂತು ತುಳಿಯುತ್ತ ಮೇಲೇರಿದರು. ನಾನು ಮೊದಲ ತಿರುವಿಗೇ ಇಳಿದು ತಳ್ಳತೊಡಗಿದೆ. ಎರಡನೆಯ ತಿರುವಿಗೆ ತಳ್ಳುವುದೂ ಆಗಲಿಲ್ಲ. ಸೈಕಲ್ಲು ನನ್ನನ್ನೇ ಹಿಂದಕ್ಕೆ ಎಳೆಯುತ್ತಿತ್ತು. ಒಂದು ಕಲ್ಲನ್ನು ಚಕ್ರಕ್ಕೆ ಅಡ್ಡ ಒದ್ದು, ರಸ್ತೆಯ ಮೇಲೇ ಕಾಲು ಚಾಚಿ ಕೂತುಬಿಟ್ಟೆ.

"ನನ್ನ ಕೈಲಾಗಲ್ಲ," ಎಂದೆ ಖಾಜಾ ಸಾಬರಿಗೆ. "ನೀವು ಹೋಗಿ. ನಾನು ಇವರನ್ನ ವಾಪಸ್ ಕರ್ಕೊಂಡು ಹೋಗ್ತೀನಿ."

"ವಾಪಸ್ಸಿಗೂ ತುಳೀಲೇಬೇಕಲ್ಲಮ್ಮ," ಎಂದರು ಅವರು ಮೆಲ್ಲಗೆ. "ನಾವು ಯಾರೂ ಕೈ ಹಾಕೋ ಹಾಗಿಲ್ಲ. ಹಾಕಿದ್ರೆ ಚಕ್ರ ತಿರುಗಲ್ಲ."

ಯೋಗಾನಂದ ತನ್ನ ಸೈಕಲ್ಲಿಗೆ ಒರಗಿಕೊಂಡು ನಿಂತಿದ್ದ, ಕೈ ಬುಟ್ಟಿಯ ಮೇಲೆ. ನನಗೆ ಎಲ್ಲಿತ್ತೋ ಸಿಟ್ಟು. ಕ್ಯಾರಿಯರ್ ಕಡೆ ತಿರುಗಿ ಬೈದೆ. "ಜೀವಮಾನ ಪೂರ್ತಿ ನನ್ನ ತೂಕದ ಬಗ್ಗೆ ರೇಗಿಸಿದ್ರಲ್ಲ, ಈಗ ನೋಡಿ ನಿಮ್ಮ ತೂಕ! ಏನೂ ಹೇಳದೆ, ಕೇಳದೆ, ಊಟದ ತಟ್ಟೆ ಮುಂದೆ ಎದೆ ಹಿಡ್ಕೊಂಡು ಹೋದ್ರಿ. ಒಂದು ಲೋಟ ನೀರು ಕೇಳೋಷ್ಟಾದ್ರೂ ಇರಬಾರದಾಗಿತ್ತಾ? ನಾನು ಎದ್ದು ಬರೋಷ್ಟರಲ್ಲಿ ಮುಗಿದಿತ್ತು. ನನಗೆ ಬೇಗ ಏಳೋಕಾಗಲ್ಲ ಅಂತ ನಿಮಗೆ ಗೊತ್ತಿರಲಿಲ್ವಾ?"

ಇಷ್ಟು ತಿಂಗಳಲ್ಲಿ ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಅಷ್ಟರಲ್ಲಿ ಕ್ಯಾರಿಯರಿನ ಸ್ಪ್ರಿಂಗು ಟಣ್ ಎಂದು ಮೇಲಕ್ಕೆ ಜಿಗಿಯಿತು. ಹಿಂದಿನ ಟೈರು ಗುಂಡಗಾಯಿತು.

ನಾನು ಎದ್ದು ನಿಂತುಬಿಟ್ಟೆ. "ಹೋದ್ರಾ? ಬೈದೆ ಅಂತ ಹೋದ್ರಾ?"

"ಇಲ್ಲಮ್ಮ. ಇಳಿದಿದಾರೆ ಅಷ್ಟೆ," ಎಂದರು ಖಾಜಾ ಸಾಬರು. "ನೀವು ತಳ್ಳಿ. ನಿಲ್ಲಬೇಡಿ."

ಖಾಲಿ ಸೈಕಲ್ಲು ತಳ್ಳಿಕೊಂಡು ಗುಡ್ಡ ಹತ್ತಿದೆ. ಹಿಂದೆ ತಿರುಗಿ ನೋಡಲಿಲ್ಲ, ನೋಡಿದರೂ ಏನು ಕಾಣುತ್ತದೆ? ನೆತ್ತಿಗೆ ಬಂದು ಸ್ಟ್ಯಾಂಡ್ ಹಾಕಿ ಕಾದೆ. ಕೆಳಗೆ ದೂರದಲ್ಲಿ ಹೊಳೆ ಬೆಳ್ಳಗೆ ಮಿನುಗುತ್ತಿತ್ತು. ಮೊದಲೇ ಹತ್ತಿ ಬಂದವರೆಲ್ಲ ಸೈಕಲ್ಲು ಹಿಡಿದು ಕಾಯುತ್ತಿದ್ದರು. ನಾನು ಕ್ಯಾರಿಯರನ್ನೇ ನೋಡುತ್ತಿದ್ದೆ. ಬಹಳ ಹೊತ್ತಾಯಿತು. ಇನ್ನು ಬರುವುದಿಲ್ಲವೆಂದು ಖಾಜಾ ಸಾಬರು ಕೂಡ ಮುಖ ಬೇರೆ ಕಡೆ ತಿರುಗಿಸಿದಾಗ, ಸ್ಪ್ರಿಂಗು ಕಿರುಗುಟ್ಟಿ ನಿಧಾನವಾಗಿ ಕೆಳಗಿಳಿಯಿತು. ಅವರಿಗೂ ಏದುಸಿರು ಬಂದಿರಬೇಕು. ನಾನು ಸೆರಗಿನಿಂದ ಕ್ಯಾರಿಯರಿನ ಮೇಲೆ ಗಾಳಿ ಬೀಸಿದೆ. ಆಗ ಯಾರೂ ನಗಲಿಲ್ಲ.

ಇಳಿಜಾರಿನಲ್ಲಿ ಯೋಗಾನಂದ ನನ್ನ ಪಕ್ಕಕ್ಕೇ ಬಂದ.

"ಅಕ್ಕಾ, ಅಳಿವೆಯಲ್ಲೂ ಅವರಾಗೇ ಇಳೀಬೇಕು ಅಲ್ವಾ? ಈಗ ನಿಮ್ಮೋರು ಇಳಿದ ಹಾಗೆ?"

"ಹೌದಪ್ಪ."

"ನಮ್ಮ ಪಾಪುಗೆ ಕೂರೋಕೇ ಬರಲ್ಲ. ಮಗ್ಗುಲಾಗೋಕೂ ಬರಲ್ಲ. ಹೇಗೆ ಇಳೀತಾಳೆ?"

ಖಾಜಾ ಸಾಬರನ್ನು ಕೇಳಿದೆವು. "ಎಳೆಗೂಸು ತಂದವರು ಕೆಲವರು ಬುಟ್ಟಿಯನ್ನ ಮರಳಿನ ಮೇಲೇ ಇಟ್ಟು ಬರ್ತಾರೆ," ಎಂದರು. "ಕೆಲವರು ಮನಸ್ಸು ಬಾರದೆ ವಾಪಸ್ ತರ್ತಾರೆ."

"ವಾಪಸ್ ತಂದ್ರೆ ಬೆಳೆಯುತ್ತಾ?" ಎಂದ ಯೋಗಾನಂದ.

"ಭಾರ ಬೆಳೆಯುತ್ತೆ."

"ಬೆಳೀಲಿ," ಎಂದ ಅವನು. "ಅದಾದ್ರೂ ಬೆಳೀಲಿ."

ತೊಟ್ಟಿಲ ಪಕ್ಕ ಕೂತ ಅವನ ಹೆಂಡತಿಯನ್ನು ನಾನು ನೋಡಿರಲಿಲ್ಲ. ಆದರೂ ಆ ತೊಟ್ಟಿಲು ವರ್ಷ ವರ್ಷಕ್ಕೂ ನೆಲಕ್ಕೆ ಇಳಿಯುವುದು, ಅವಳೂ ಅದರ ಜೊತೆ ಇಳಿಯುವುದು ನನ್ನ ಕಣ್ಣಿಗೆ ಕಟ್ಟಿತು. ಚನ್ನಾಜಮ್ಮನ ಕೋಣೆಯ ಬಗ್ಗೆ ಅವನಿಗೆ ಹೇಳಿದೆ. ಕೇಳಿಸಿಕೊಂಡ. ಬುಟ್ಟಿಯ ಮೇಲಿನ ಕೈಯನ್ನು ಇನ್ನಷ್ಟು ಬಿಗಿ ಮಾಡಿದ.

ಅಳಿವೆ ಮುಟ್ಟಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಒಂದು ಕಡೆ ಹೊಳೆಯ ಮಣ್ಣುಬಣ್ಣದ ನೀರು, ಇನ್ನೊಂದು ಕಡೆ ಸಮುದ್ರ, ನಡುವೆ ಮರಳಿನ ನಾಲಿಗೆ. ಗುಂಪಿನವರು ಸೈಕಲ್ಲುಗಳನ್ನು ನೀರಿನಂಚಿಗೆ ತಂದು ಸಾಲಾಗಿ ನಿಲ್ಲಿಸಿದರು. ಇಲ್ಲಿ ಮಂತ್ರವಿಲ್ಲ, ಪೂಜೆಯಿಲ್ಲ. ಬಾಯಿಬಿಟ್ಟು "ಇಳೀರಿ" ಎನ್ನಬೇಕು, ಅಷ್ಟೇ. ಒಬ್ಬೊಬ್ಬರೇ ಹೇಳಿದರು. "ಇಳೀರಿ ಅಪ್ಪಾಜಿ." "ಇಳಿಯೇ ಅಕ್ಕಾ." "ಇಳಿಯೋ, ಬಂತು." ಸ್ಪ್ರಿಂಗುಗಳು ಒಂದೊಂದಾಗಿ ಟಣ್ ಎಂದವು. ಕೆಲವರು ಕೂಡಲೇ ಕುಸಿದು ಕೂತು ಅತ್ತರು. ಕೆಲವರು ಬೆನ್ನು ನೆಟ್ಟಗೆ ಮಾಡಿ, ಏನು ಮಾಡಬೇಕೆಂದು ತೋಚದೆ ಟೈರು ಒತ್ತಿ ನೋಡಿದರು.

ನನಗೆ ಬಾಯಿ ಬರಲಿಲ್ಲ. ಹ್ಯಾಂಡಲ್ ಹಿಡಿದು ನಿಂತಿದ್ದೆ. ಮೈಯ ಒಂದೊಂದು ಎಲುಬೂ ನೋಯುತ್ತಿತ್ತು. ಆ ನೋವಿಗೆಲ್ಲ ಕಾರಣ ಹಿಂದೆ ಕೂತ ಅವರೇ. ಅದಕ್ಕೇ ಏನೋ, ಅವರು ತೀರಿಕೊಂಡ ಮೇಲೆ ಇಷ್ಟು ಹತ್ತಿರ ನಾವು ಇದ್ದದ್ದು ಈ ದಾರಿಯಲ್ಲೇ. ಇಳಿಯಿರಿ ಎಂದರೆ ಮನೆಗೆ ಹಗುರಾದ ಸೈಕಲ್ಲಿನಲ್ಲಿ ಹೋಗಬೇಕು. ಮಂಚದ ಇನ್ನೊಂದು ತುದಿಯಲ್ಲಿ ಕೂತರೆ ಆ ಕಡೆ ಏನೂ ಮೇಲೇಳುವುದಿಲ್ಲ.

ಎಲ್ಲರೂ ಮುಗಿಸಿ ದಡದ ಗುಡಿಸಲ ಕಡೆ ಗಂಜಿಗೆ ಹೋದರು. ನೀರಿನ ಪಕ್ಕ ಉಳಿದದ್ದು ನಾನು ಮತ್ತು ಯೋಗಾನಂದ. ಅವನು ಸಾಲಿನ ಆ ತುದಿಯಲ್ಲಿ ಬುಟ್ಟಿಯ ಮೇಲೆ ಬಗ್ಗಿ, "ಇಳಿ ಪಾಪು, ಇಳಿ ಚಿನ್ನ, ಇಳಿ" ಎನ್ನುತ್ತಿದ್ದ. ಒಮ್ಮೆ ಹಾಗೆನ್ನುವುದು, ಒಮ್ಮೆ "ಬೇಡ, ಇರು" ಎನ್ನುವುದು. ಬುಟ್ಟಿಯೊಳಗಿನ ಸೀರೆಯ ಮಡಿಕೆಯಲ್ಲಿ ಅಂಗೈಯಷ್ಟು ತಗ್ಗು ಹಾಗೇ ಇತ್ತು. ನೀರು ಏರತೊಡಗಿತ್ತು. ಅವನ ಕಾಲಿನ ಮೇಲೆ ಅಲೆ ಬಂದು ಹೋಗುತ್ತಿತ್ತು, ಅವನಿಗೆ ಅದರ ಪರಿವೆಯಿರಲಿಲ್ಲ.

ನಾನು ನನ್ನ ಸೈಕಲ್ಲನ್ನು ಮರಳಿನಲ್ಲಿ ತಳ್ಳಿಕೊಂಡು ಅವನ ಪಕ್ಕಕ್ಕೆ ಹೋದೆ. ಅಷ್ಟು ದೂರ ತಳ್ಳುವುದು ಗುಡ್ಡ ಹತ್ತುವುದಕ್ಕಿಂತ ಕಷ್ಟವಾಯಿತು. ಬುಟ್ಟಿಗೆ ತಾಗುವ ಹಾಗೆ ಕ್ಯಾರಿಯರ್ ನಿಲ್ಲಿಸಿದೆ.

"ರೀ," ಎಂದೆ. "ನೋಡಿ, ಈ ಮಗೂಗೆ ಇಳಿಯೋಕೆ ಬರಲ್ಲ. ಜೊತೆಗೆ ಯಾರೂ ಇಲ್ಲ. ನೀವು ಇಳೀರಿ. ಇಳಿದು ಇದನ್ನ ಎತ್ತಿಕೊಂಡು ಹೋಗಿ."

ಯೋಗಾನಂದ ನನ್ನ ಮುಖ ನೋಡಿದ. ನಾನು ಅವನ ಕಡೆ ನೋಡಲಿಲ್ಲ, ನೋಡಿದ್ದರೆ ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೆನೋ ಏನೋ. ಅಲೆಯೊಂದು ಬಂದು ಚಕ್ರದ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು. ಸ್ಪ್ರಿಂಗು ಮೇಲೆದ್ದಿತು. ಈ ಸಲ ಟಣ್ ಎನ್ನಲಿಲ್ಲ. ಮಲಗಿದ ಮಗು ಏಳದ ಹಾಗೆ ಹಾಸಿಗೆಯಿಂದ ಎದ್ದವರಂತೆ, ಸದ್ದಿಲ್ಲದೆ.

ಏನೂ ಆಗಲಿಲ್ಲ. ಬುಟ್ಟಿಯೊಳಗೆ ತಗ್ಗು ಹಾಗೇ ಇತ್ತು. ನನಗೆ ನಮ್ಮವರ ಅವಸ್ಥೆ ಗೊತ್ತಾಯಿತು. ಎದುರಲ್ಲಿ ನಿಂತು ಕೈ ಚಾಚುವುದು, ಹಿಂದೆಗೆಯುವುದು. ಊರಿನ ಮೂಟೆಗಳನ್ನೆಲ್ಲ ಹೊತ್ತ ಮನುಷ್ಯ. ಮಗುವನ್ನು ಎತ್ತಿದವರಲ್ಲ. ನೆಂಟರ ಮನೆಯಲ್ಲಿ ಯಾರಾದರೂ ಮಗು ಕೊಡಲು ಬಂದರೆ "ಕೈಯೆಲ್ಲ ಹಿಟ್ಟು" ಎಂದು ಎದ್ದುಹೋಗುತ್ತಿದ್ದರು. ಆಮೇಲೆ ದಾರಿಯುದ್ದಕ್ಕೂ ಮಾತಾಡುತ್ತಿರಲಿಲ್ಲ.

ನೋಡನೋಡುತ್ತಿದ್ದಂತೆ ಸೀರೆಯ ಮಡಿಕೆ ಮೆಲ್ಲಗೆ ಉಬ್ಬಿ ಸಮನಾಯಿತು.

ಯೋಗಾನಂದ ಬುಟ್ಟಿಯೊಳಗೆ ಕೈಯಾಡಿಸಿದ. ಮತ್ತೆ ಆಡಿಸಿದ. "ಹೋದ್ಲಾ ಅಕ್ಕಾ?"

"ಹೋದ್ಲು."

ಅವನು ಅಲ್ಲೇ ನೀರಿನಲ್ಲಿ ಮಂಡಿಯೂರಿ ಬಹಳ ಹೊತ್ತು ಅತ್ತ. ನಾನು ಅವನ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತೆ. ನನಗೂ ಅಳು ಬೇಕಿತ್ತು, ಬರಲಿಲ್ಲ. ಹೊಳೆಯ ನೀರು ಎಲ್ಲಿ ಮುಗಿದು ಸಮುದ್ರ ಎಲ್ಲಿ ಶುರುವಾಗುತ್ತದೆ ಎಂದು ನೋಡುತ್ತಿದ್ದೆ. ಅಲ್ಲಿ ಯಾರ ನೆರಳೂ ಇರಲಿಲ್ಲ.

ಇದ್ದಕ್ಕಿದ್ದಂತೆ ಅವನು ತಲೆಯೆತ್ತಿದ. "ಅಕ್ಕಾ, ಅವರಿಗೆ ಮಗು ಎತ್ತಿಕೊಳ್ಳೋಕೆ ಬರುತ್ತಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ ಕಣಪ್ಪ," ಎಂದೆ.

"ಕತ್ತು ನಿಂತಿಲ್ಲ ಅವಳಿಗೆ," ಎಂದ ಗಾಬರಿಯಿಂದ. "ತಲೆ ಕೆಳಗೆ ಕೈ ಕೊಡಬೇಕು. ಇಲ್ದಿದ್ರೆ ಹಿಂದಕ್ಕೆ ವಾಲುತ್ತೆ."

ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಮಂಡಿಯವರೆಗೆ ಬಂತು, ತೊಡೆಯವರೆಗೆ ಬಂತು. ಊದಿದ ಕಾಲುಗಳ ಮೇಲೆ ನಿಂತು, ಇದ್ದಬದ್ದ ಉಸಿರನ್ನೆಲ್ಲ ಎದೆಗೆ ತುಂಬಿಕೊಂಡು, ಎರಡೂ ಕೈ ಬಾಯಿಯ ಆಚೀಚೆ ಹಿಡಿದು ಕೂಗಿದೆ.

"ರೀ! ಮಗೂಗೆ ಇನ್ನೂ ಕತ್ತು ನಿಂತಿಲ್ಲವಂತೆ! ತಲೆ ಕೆಳಗೆ ಕೈ ಕೊಟ್ಟು ಹಿಡ್ಕೊಳ್ಳಿ! ಕೇಳಿಸ್ತೇನ್ರೀ? ತಲೆ ಕೆಳಗೆ ಕೈ ಕೊಡಿ!"